ಎಂಜಿನ್ ಕೊನೆಗೆ, ಬ್ರೇಕ್ ಮೊದಲು

ಹಳೆಯ ಪಿಕಪ್ ಒಂದನ್ನು ಕೊಂಡು ಶೆಡ್ಡಿಗೆ ತಂದವರೆಲ್ಲ ಮೊದಲು ಎತ್ತುವುದು ಬಾನೆಟ್ಟನ್ನೇ. ಸುತ್ತ ನಿಂತವರೂ ಕತ್ತು ಚಾಚಿ ಇಣುಕುತ್ತಾರೆ. ಆಮೇಲೆ ಶುರುವಾಗುವ ಚರ್ಚೆ ಎಲ್ಲ ಊರಲ್ಲೂ ಒಂದೇ: 'ಇದನ್ನೇ ಬೋರ್ ಮಾಡಿಸೋದಾ, ಇಲ್ಲ ಬೇರೆ ಎಂಜಿನ್ ಕೂರಿಸೋದಾ?' ಹಳೆ ಗಾಡಿಯ ಹುಚ್ಚು ಹತ್ತಿದವರು ರಾತ್ರಿಯೆಲ್ಲ ಕೂತು ಮಾತಾಡಬಲ್ಲ ವಿಷಯ ಇದು. ಆದರೆ ಬಾನೆಟ್ಟಿನ ಕೆಳಗೆ ಎಷ್ಟು ಹೊತ್ತು ನೋಡಿದರೂ ಇದಕ್ಕೆ ಉತ್ತರ ಸಿಗದು. ಉತ್ತರ ಇರುವುದು ಗಾಡಿಯ ಅಡಿಯಲ್ಲಿ. ಬ್ರೇಕ್ ಡ್ರಮ್ಮು, ಹಿಂದಿನ ಹೌಸಿಂಗು, ತುಕ್ಕು ತಿಂದ ಚಾಸಿ, ಸ್ಟೀರಿಂಗ್ ಬಾಕ್ಸು ಇವನ್ನು ನೋಡದೆ ಎಂಜಿನ್ ಆರಿಸಿದ ಗಾಡಿ ಒಂದೋ ಶೆಡ್ಡಿನಲ್ಲಿ ಅರ್ಧಂಬರ್ಧ ಬಿಚ್ಚಿಕೊಂಡೇ ಉಳಿಯುತ್ತದೆ, ಇಲ್ಲವೇ ರಸ್ತೆಗೆ ಬಂದು ಅಪಾಯ ತರುತ್ತದೆ.

ಪಿಕಪ್ಪಿನ ತವರು ಅಮೆರಿಕ. ಮಾದರಿ-ಟಿ ಕಾರಿನ ಹಿಂದೆ ರೈತರು ತಾವೇ ಮರದ ಪೆಟ್ಟಿಗೆ ಕಟ್ಟಿಕೊಂಡು ಓಡಾಡುತ್ತಿದ್ದುದನ್ನು ಕಂಡ ಫೋರ್ಡ್ ಕಂಪನಿ 1925ರಲ್ಲಿ ಕಾರ್ಖಾನೆಯಿಂದಲೇ ಆ ಪೆಟ್ಟಿಗೆ ಹಾಕಿ ಮಾರಲು ಶುರುಮಾಡಿತು. ಬೆಲೆ 281 ಡಾಲರ್, ಎಂಜಿನ್ 20 ಅಶ್ವಶಕ್ತಿ. ಹುಲ್ಲು, ಹಾಲಿನ ಕ್ಯಾನು, ಕಾಳಿನ ಮೂಟೆ ಸಾಗಿಸಲು ಅಷ್ಟು ಸಾಕಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಗಾಡಿಗಳೂ ಅದೇ ಕೆಲಸಕ್ಕೆ ಹುಟ್ಟಿದವು: 1947ರ ಜೂನ್‌ನಲ್ಲಿ ಷೆವರ್ಲೆಯ 'ಅಡ್ವಾನ್ಸ್ ಡಿಸೈನ್' ಸಾಲು, 1948ರಲ್ಲಿ ಫೋರ್ಡ್ ಎಫ್-1, 1953ರಲ್ಲಿ ಎಫ್-100. ಇಂದು ಅಲ್ಲಿನ ಶೆಡ್ಡುಗಳಲ್ಲಿ ಮರುಜೀವ ಪಡೆಯುತ್ತಿರುವ ಹಳೆ ಪಿಕಪ್‌ಗಳಲ್ಲಿ ಇವು ಮುಂಚೂಣಿಯಲ್ಲಿವೆ. ಉಬ್ಬಿದ ಮಡ್‌ಗಾರ್ಡು, ಐದು ಅಡ್ಡಪಟ್ಟಿಯ ಗ್ರಿಲ್ಲು ಇರುವ ಷೆವರ್ಲೆ 3100 ಅನ್ನೇ ಹಿಡಿದುಕೊಂಡು ಮಾತಾಡೋಣ. ಎಂಜಿನ್ ಆಯ್ಕೆಯ ಎಲ್ಲ ತೊಡಕುಗಳೂ ಆ ಒಂದು ಗಾಡಿಯಲ್ಲಿ ಸಿಗುತ್ತವೆ.

ಅದರ ಮೂಲ ಎಂಜಿನ್ ಸಾಲಾಗಿ ಆರು ಸಿಲಿಂಡರ್, 216 ಘನ ಇಂಚು, ನಮ್ಮ ಲೆಕ್ಕದಲ್ಲಿ ಮೂರೂವರೆ ಲೀಟರ್. ಶಕ್ತಿ 90 ಅಶ್ವಶಕ್ತಿ. ಈ ಎಂಜಿನ್ನಿನ ಚೇಂಬರ್ ಬಿಚ್ಚಿ ನೋಡಿದರೆ ಇಂದಿನ ಮೆಕ್ಯಾನಿಕ್ಕಿಗೆ ಅಚ್ಚರಿಯಾಗುತ್ತದೆ. ಕ್ರ್ಯಾಂಕಿನ ಮುಖ್ಯ ಬೇರಿಂಗುಗಳಿಗೆ ಪಂಪಿನಿಂದ ಒತ್ತಡದಲ್ಲಿ ಆಯಿಲ್ ಹೋಗುತ್ತದೆ, ಆದರೆ ಕನೆಕ್ಟಿಂಗ್ ರಾಡುಗಳಿಗೆ ಹೋಗುವುದಿಲ್ಲ. ಪ್ರತಿ ರಾಡಿನ ಕೆಳತುದಿಗೂ ಪುಟ್ಟ ಸೌಟಿನಂಥ ಒಂದು ತುಂಡಿದೆ. ಕ್ರ್ಯಾಂಕ್ ತಿರುಗಿದಂತೆ ಆ ಸೌಟು ಚೇಂಬರಿನಲ್ಲಿರುವ ತೊಟ್ಟಿಯಿಂದ ಆಯಿಲ್ ಬಾಚಿಕೊಳ್ಳುತ್ತದೆ. ವೇಗ ಹೆಚ್ಚಾದಾಗ ಸಣ್ಣ ಕೊಳವೆಗಳಿಂದ ಚಿಮ್ಮುವ ಆಯಿಲ್ ನೇರ ಆ ಸೌಟಿಗೇ ಬಡಿಯಬೇಕು. ರಾಡಿನ ಬೇರಿಂಗು ಬಿಡಿಯಾಗಿ ಸಿಗುವ ಚಿಪ್ಪೂ ಅಲ್ಲ. ಬಿಳಿ ಲೋಹವನ್ನು ಕರಗಿಸಿ ರಾಡಿಗೇ ಎರೆದು ಲೇತಿನಲ್ಲಿ ಕೊರೆದದ್ದು. ಸವೆದಂತೆಲ್ಲ ಕ್ಯಾಪಿನ ನಡುವೆ ಇಟ್ಟ ತೆಳು ತಗಡುಗಳನ್ನು ಒಂದೊಂದಾಗಿ ತೆಗೆದು ಬಿಗಿ ಮಾಡಬೇಕು. ಬಿಳಿ ಲೋಹ ಎರೆಯಬಲ್ಲ ಕೈಗಳು ಈಗ ಅಮೆರಿಕದಲ್ಲೂ ವಿರಳ.

ಇದು ಕಳಪೆ ಎಂಜಿನ್ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹೊಲದ ದಾರಿಯಲ್ಲಿ, ಗಂಟೆಗೆ ಅರವತ್ತು ಎಪ್ಪತ್ತು ಕಿಲೋಮೀಟರಿನಲ್ಲಿ ಅದು ದಶಕಗಳ ಕಾಲ ದುಡಿದಿದೆ. ಆ ಗಾಡಿಯ ಹಿಂದಿನ ಹೌಸಿಂಗಿನ ಅನುಪಾತ 4.11. ಎಂದರೆ ಚಕ್ರ ಒಂದು ಸುತ್ತು ಬರಲು ಜಾಯಿಂಟ್ ಶಾಫ್ಟು ನಾಲ್ಕು ಸುತ್ತಿಗೂ ಹೆಚ್ಚು ತಿರುಗಬೇಕು. 28 ಇಂಚು ಎತ್ತರದ ಟೈರು ಹಾಕಿಕೊಂಡು ಗಂಟೆಗೆ 60 ಮೈಲಿ, ಅಂದರೆ 97 ಕಿ.ಮೀ. ವೇಗದಲ್ಲಿ ಹೊರಟರೆ ಎಂಜಿನ್ ನಿಮಿಷಕ್ಕೆ ಸುಮಾರು 2960 ಸುತ್ತು ತಿರುಗುತ್ತಿರುತ್ತದೆ. ಸೌಟಿನಿಂದ ಆಯಿಲ್ ಬಾಚುವ ಎಂಜಿನ್ನನ್ನು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹಾಗೆ ತಿರುಗಿಸಿದರೆ ರಾಡು ಬಡಿಯತೊಡಗುವುದು ಸಹಜ. ತಪ್ಪು ಎಂಜಿನ್ನಿನದಲ್ಲ. ಅದು ಹುಟ್ಟಿದ ರಸ್ತೆ ಬೇರೆ, ನಾವು ಓಡಿಸಹೊರಟ ರಸ್ತೆ ಬೇರೆ.

ಹೀಗಾಗಿ ನನ್ನ ಮೊದಲ ಪ್ರಶ್ನೆ: ಈ ಗಾಡಿ ದಿನಕ್ಕೆ ಎಲ್ಲಿಗೆ ಹೋಗಬೇಕು? ಊರೊಳಗೆ, ಭಾನುವಾರ ಬೆಳಿಗ್ಗೆ, ಹಬ್ಬದ ಮೆರವಣಿಗೆಗೆ ಅಂದರೆ ಮೂಲ ಎಂಜಿನ್ನನ್ನೇ ಉಳಿಸಿಕೊಳ್ಳಿ. ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಬ್ಲಾಕಿನಲ್ಲಿ ಬಿರುಕಿದೆಯೇ ನೋಡಿಸಿ, ಚೇಂಬರ್ ತೆಗೆದು ತಳದ ಕೆಸರು ಬಳಿದು ಹಾಕಿ. 216 ಎಂಜಿನ್ನಿನ ಆಯಿಲ್ ಮೀಟರು ಮೂವತ್ತಕ್ಕೇ ಮುಗಿಯುತ್ತದೆ, ಮುಳ್ಳು ಅದರ ಅರ್ಧಕ್ಕೆ ನಿಂತರೂ ಅದು ಆರೋಗ್ಯವೇ. ಇದು ಗೊತ್ತಿಲ್ಲದೆ ಗಟ್ಟಿಮುಟ್ಟಾದ ಎಂಜಿನ್ನನ್ನು ಗುಜರಿಗೆ ಹಾಕುವುದು ದೊಡ್ಡ ಅನ್ಯಾಯ.

ಹೆದ್ದಾರಿಗೂ ಹೋಗಬೇಕು ಅನ್ನುವವರಿಗೆ ನನಗೆ ತುಂಬ ಇಷ್ಟವಾದ ದಾರಿಯೊಂದಿದೆ. ಅದೇ ಮನೆತನದ ದೊಡ್ಡಣ್ಣ 235 ಘನ ಇಂಚಿನ ಎಂಜಿನ್. 1954ರಿಂದ ಷೆವರ್ಲೆ ಪಿಕಪ್‌ಗಳಿಗೆ ಬಂದ 235ರಲ್ಲಿ ರಾಡುಗಳಿಗೂ ಒತ್ತಡದ ಆಯಿಲ್, ಬದಲಿಸಬಲ್ಲ ಬೇರಿಂಗ್ ಚಿಪ್ಪು, 112 ಅಶ್ವಶಕ್ತಿ. 1953ರಲ್ಲಿ ಬಂದ ಮೊಟ್ಟಮೊದಲ ಕಾರ್ವೆಟ್ ಕಾರು ಓಡಿದ್ದೂ ಮೂರು ಕಾರ್ಬುರೇಟರ್ ಹೊತ್ತ 235 ಎಂಜಿನ್ನಿನ ಮೇಲೆಯೇ. ಹೊರನೋಟಕ್ಕೆ 216ರ ಹಾಗೇ ಕಾಣುತ್ತದೆ, ಬಾನೆಟ್ ಎತ್ತಿದವರಿಗೆ ವ್ಯತ್ಯಾಸ ತಿಳಿಯುವುದೂ ಕಷ್ಟ. ಆದರೂ ಕೈ ಹಾಕಿದರೆ ಸಣ್ಣಪುಟ್ಟ ತಗಾದೆ ಇದ್ದದ್ದೇ. ನಂತರದ ವರ್ಷಗಳ ವಾಟರ್ ಪಂಪು ಹಳೆಯ ರೇಡಿಯೇಟರಿಗೆ ಹೊಂದುವುದಿಲ್ಲ, ಪಂಪು ಬದಲಿಸಬೇಕು ಇಲ್ಲವೇ ನಡುವೆ ಒಂದು ಪ್ಲೇಟು ಹಾಕಬೇಕು. ಆರು ವೋಲ್ಟಿನ ಗಾಡಿಗೆ ಹನ್ನೆರಡು ವೋಲ್ಟಿನ ಕಾಲದ ಎಂಜಿನ್ ತಂದರೆ ಫ್ಲೈವೀಲಿನ ಹಲ್ಲಿನ ಲೆಕ್ಕವೇ ಬೇರೆ, ಸೆಲ್ಫ್ ಮೋಟಾರು ಕಚ್ಚುವುದಿಲ್ಲ. ಮೂವತ್ತರ ಆಯಿಲ್ ಮೀಟರಿನ ಮುಳ್ಳು ಹೋಗಿ ಕೊನೆಗೆ ಒತ್ತಿಕೊಂಡು ನಿಲ್ಲುತ್ತದೆ. ಮೀಟರೂ ಬದಲಾಗಬೇಕು. ಇವೆಲ್ಲ ಊರಿನ ಲೇತಿನಂಗಡಿಯಲ್ಲಿ ಬಗೆಹರಿಯುವ ಕೆಲಸಗಳು.

ವಿ-8ರ ಸೆಳೆತ

ಆದರೂ ಅಮೆರಿಕದಲ್ಲಿ ಹೆಚ್ಚಿನವರ ಮನಸ್ಸು ವಿ-8ರ ಕಡೆಗೇ. ಅದಕ್ಕೆ ಕಾರಣವೂ ಇದೆ. 1955ರಲ್ಲಿ ಮುಖ್ಯ ಎಂಜಿನಿಯರ್ ಎಡ್ ಕೋಲ್ ಅವರ ಕಾಲದಲ್ಲಿ ಷೆವರ್ಲೆ ಹೊರತಂದ 265 ಘನ ಇಂಚಿನ 'ಸ್ಮಾಲ್ ಬ್ಲಾಕ್' ಎಂಟು ಸಿಲಿಂಡರಿದ್ದೂ ಹಳೆಯ ಆರು ಸಿಲಿಂಡರಿಗಿಂತ ಹಗುರವಾಗಿತ್ತು. ಅದರ ವಂಶದಲ್ಲಿ 1967ರಲ್ಲಿ ಬಂದ 350, ಅಂದರೆ 5.7 ಲೀಟರ್ ಎಂಜಿನ್, ದಶಕಗಳ ಕಾಲ ಕಾರು, ಲಾರಿ, ವ್ಯಾನು ಎಲ್ಲದರಲ್ಲೂ ಬಂತು. ಬಿಡಿಭಾಗ ಸಿಗದ ಊರಿಲ್ಲ, ಗೊತ್ತಿಲ್ಲದ ಮೆಕ್ಯಾನಿಕ್ಕಿಲ್ಲ. ಅಗ್ಗದಲ್ಲಿ ಶಕ್ತಿ ಬೇಕು ಅನ್ನುವವರಿಗೆ ಇದಕ್ಕಿಂತ ಸರಾಗವಾದ ಆಯ್ಕೆ ಬಹಳ ಕಾಲ ಇರಲೇ ಇಲ್ಲ.

ಕೊಳ್ಳುವುದು ಸರಾಗ, ಕೂರಿಸುವುದು ಬೇರೆ ಮಾತು. 1954ರ ವರೆಗಿನ ಷೆವರ್ಲೆ 3100ರಲ್ಲಿ ಜಾಯಿಂಟ್ ಶಾಫ್ಟು ಬಯಲಲ್ಲಿಲ್ಲ, ಒಂದು ಗಟ್ಟಿ ಕೊಳವೆಯೊಳಗೆ ತಿರುಗುತ್ತದೆ. ಚಕ್ರಗಳು ಗಾಡಿಯನ್ನು ಮುಂದೆ ತಳ್ಳುವ ಬಲವೂ ಆ ಕೊಳವೆಯ ಮೂಲಕವೇ ಗೇರ್ ಬಾಕ್ಸಿನತ್ತ ದಾಟುತ್ತದೆ. ವಿ-8 ಜೊತೆಗೆ ಹೊಸ ಗೇರ್ ಬಾಕ್ಸ್ ಬಂದರೆ ಕೊಳವೆ ಹೋಗಬೇಕು. ಕೊಳವೆ ಹೋದರೆ ಹಿಂದಿನ ಹೌಸಿಂಗು ಹೋಗಬೇಕು. ಹೌಸಿಂಗು ಬದಲಾದರೆ ತಳ್ಳುವ ಬಲವನ್ನು ಪ್ಲೇಟ್ ಸ್ಪ್ರಿಂಗುಗಳೇ ಹೊರಬೇಕು, ಅವುಗಳ ಕೂರುಪಟ್ಟಿ ಹೊಸದಾಗಿ ವೆಲ್ಡ್ ಆಗಬೇಕು. ಮುಂದೆ ಎಡಗಡೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀದಾ ಸ್ಟೀರಿಂಗ್ ಬಾಕ್ಸಿಗೆ ತಾಗುತ್ತದೆ. ಟಗರಿನ ಕೊಂಬಿನ ಆಕಾರದ, ನಡುವಿನಿಂದ ಕೆಳಗಿಳಿಯುವ ಹಳೆಯ ಮ್ಯಾನಿಫೋಲ್ಡ್ ಹುಡುಕಿ ತಂದು ಹಾಕುವುದು ಅಲ್ಲಿನವರು ಕಂಡುಕೊಂಡ ಉಪಾಯ. ರೇಡಿಯೇಟರ್ ಬದಲು, ವೈರಿಂಗ್ ಬದಲು, ಹ್ಯಾಂಡ್‌ಬ್ರೇಕ್ ಬದಲು. ಎಂಜಿನ್ನಿಗೆ ಕೊಟ್ಟ ದುಡ್ಡಿಗಿಂತ ಅದರ ಸುತ್ತಲಿನ ಕೆಲಸಕ್ಕೆ ಸುರಿಯುವ ದುಡ್ಡು ಹೆಚ್ಚಾಗಿರುತ್ತದೆ.

ಇದೆಲ್ಲ ಖರ್ಚಿನ ಮಾತು. ಜೀವದ ಮಾತು ಬ್ರೇಕಿನದು. ಆ ಗಾಡಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಮಾಯ. ಗಾಡಿಯನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 70 ಕಿ.ಮೀ. ಓಡುತ್ತಿದ್ದ ಗಾಡಿ 110 ಓಡಿದರೆ ಆ ಡ್ರಮ್ಮುಗಳ ಮೇಲಿನ ಹೊರೆ ಸುಮಾರು ಎರಡೂವರೆ ಪಟ್ಟು. ಲೈನರು ಕಾದು ಜಾರತೊಡಗಿದಾಗ ಮುನ್ನೂರು ಅಶ್ವಶಕ್ತಿ ಇದ್ದೇನು ಬಂತು? ಹಾಗಾಗಿ ವಿ-8 ಹಾಕುತ್ತೇನೆ ಅನ್ನುವವರು ಮೊದಲ ಹಣವನ್ನು ಎರಡು ಕೋಣೆಯ ಮಾಸ್ಟರ್ ಸಿಲಿಂಡರಿಗೆ, ಮುಂದಿನ ಡಿಸ್ಕ್ ಬ್ರೇಕಿಗೆ, ಸ್ಟೀರಿಂಗಿನ ಆಟ ತೆಗೆಸುವುದಕ್ಕೆ, ಸೀಟ್ ಬೆಲ್ಟಿಗೆ ಖರ್ಚು ಮಾಡಲಿ. ಉಳಿದದ್ದರಲ್ಲಿ ಎಷ್ಟು ದೊಡ್ಡ ಎಂಜಿನ್ ಬರುತ್ತದೋ ಅಷ್ಟು ಬರಲಿ.

ಅಶ್ವಶಕ್ತಿಯ ಅಂಕಿಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. 1972ಕ್ಕಿಂತ ಹಿಂದೆ ಅಮೆರಿಕದ ಕಂಪನಿಗಳು ಫ್ಯಾನು, ಸೈಲೆನ್ಸರು ಮುಂತಾದವನ್ನು ತೆಗೆದು, ಬರಿ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಓಡಿಸಿ ಬಂದ ಅಂಕಿಯನ್ನು ಜಾಹೀರಾತಿನಲ್ಲಿ ಹಾಕುತ್ತಿದ್ದವು. ಆಮೇಲಿನದು ಗಾಡಿಯಲ್ಲಿ ಕೂತ ಸ್ಥಿತಿಯ ಅಂಕಿ. ಹಳೆಯ ಕರಪತ್ರದ ಸಂಖ್ಯೆಯನ್ನೂ ಇಂದಿನ ಸಂಖ್ಯೆಯನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಈಚಿನ ತಲೆಮಾರಿನವರು 350ನ್ನೂ ಹಿಂದೆ ಬಿಟ್ಟಿದ್ದಾರೆ. 1997ರ ಕಾರ್ವೆಟ್ ಜೊತೆ ಬಂದ ಎಲ್‌ಎಸ್ ಸರಣಿ, ಅದರ ಬೆನ್ನಿಗೆ 1999ರಿಂದ ಪಿಕಪ್‌ಗಳಲ್ಲಿ ಬಂದ 4.8, 5.3, 6 ಲೀಟರಿನ ಸೋದರರು ಗುಜರಿ ಅಂಗಳಗಳಲ್ಲಿ ಧಾರಾಳ ಸಿಗುತ್ತವೆ. ಒಳ್ಳೆಯ ಎಂಜಿನ್‌ಗಳೇ. ಚಳಿಯಲ್ಲೂ ಒಂದೇ ಸೆಲ್ಫಿಗೆ ಶುರು, ಇಂಧನವೂ ಮಿತ. ಆದರೆ ಎಂಜಿನ್ ಜೊತೆಗೆ ಅದರ ಕಂಪ್ಯೂಟರು, ವೈರಿಂಗು, ಸೆನ್ಸರುಗಳು ಎಲ್ಲ ಬರಬೇಕು. ಇನ್ನೊಂದು ಸಂಗತಿಯನ್ನು ಎಷ್ಟೋ ಜನ ಕಡೆಗಣಿಸುತ್ತಾರೆ. ಕಾರ್ಬುರೇಟರಿಗೆ ಪೆಟ್ರೋಲು ಅರ್ಧ ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಹೋದರೆ ಸಾಕು, ಎಲ್‌ಎಸ್‌ಗೆ ಸುಮಾರು ನಾಲ್ಕು ಬಾರ್ ಬೇಕು. ಆ ಕಾಲದ ಹಲವು ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಚಾಲಕನ ಬೆನ್ನ ಹಿಂದೆ. ಎಪ್ಪತ್ತು ವರ್ಷದ ಹಳೆ ಪೈಪಿನಲ್ಲಿ ನಾಲ್ಕು ಬಾರ್ ಒತ್ತಡ ಹರಿಸಿ ಅದರ ಪಕ್ಕ ಕೂರುವ ಧೈರ್ಯ ಯಾರೂ ಮಾಡಬಾರದು. ಟ್ಯಾಂಕು ಹಿಂದಿನ ಪೆಟ್ಟಿಗೆಯ ಅಡಿಗೆ ಹೋಗಲಿ, ಪೈಪು ಪೂರ್ತಿ ಹೊಸದಾಗಲಿ.

ಫೋರ್ಡಿನ ಕತೆಯೇ ಬೇರೆ. 1932ರಲ್ಲಿ ಎಂಟು ಸಿಲಿಂಡರಿನ ಬ್ಲಾಕನ್ನು ಒಂದೇ ಎರಕದಲ್ಲಿ ಎರೆದು ಜನಸಾಮಾನ್ಯರ ಬೆಲೆಗೆ ಕೊಟ್ಟ ಕಂಪನಿ ಅದು. ಆ 'ಫ್ಲಾಟ್‌ಹೆಡ್' ಎಂಜಿನ್ 1953ರ ಎಫ್-100ರ ವರೆಗೂ ಬಂತು. ಅದರಲ್ಲಿ ಬೆಂಕಿಯಂಥ ಹೊಗೆ ಹೊರಹೋಗುವ ದಾರಿ ಬ್ಲಾಕಿನೊಳಗೇ, ತಂಪಿಸುವ ನೀರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಬಿಸಿಯಾಗುವುದು ಅದರ ಹುಟ್ಟುಗುಣ, ಬಿರುಕು ಬಿಡುವುದು ಅದರ ಹಳೆಯ ರೋಗ. ಆದರೂ ಬಿರುಕಿಲ್ಲದ ಬ್ಲಾಕು ಸಿಕ್ಕರೆ ಅದನ್ನು ಕಿತ್ತೆಸೆಯಲು ನನಗಂತೂ ಮನಸ್ಸು ಬಾರದು, ಅದರ ಸದ್ದು ಬೇರೆ ಯಾವ ಎಂಜಿನ್ನಿಗೂ ಬರುವುದಿಲ್ಲ. ಬದಲಿಸಲೇಬೇಕಾದರೆ ಫೋರ್ಡಿನದೇ 300 ಘನ ಇಂಚಿನ ಆರು ಸಿಲಿಂಡರ್ ನೋಡಿ. 1965ರಿಂದ 1996ರ ವರೆಗೆ ತಯಾರಾದ, ದುಡಿಮೆಗೆಂದೇ ಹುಟ್ಟಿದ ಎಂಜಿನ್ ಅದು. ಫೋರ್ಡಿನ ಹೊಸ 5 ಲೀಟರ್ ಕಯೋಟಿ ವಿ-8ರಲ್ಲಿ ಎರಡೂ ಹೆಡ್ಡಿನ ಮೇಲೆ ಎರಡೆರಡು ಕ್ಯಾಮ್‌ಶಾಫ್ಟ್ ಇರುವುದರಿಂದ ಅಗಲ ಹೆಚ್ಚು, ಹಳೆ ಗಾಡಿಯ ಮಡ್‌ಗಾರ್ಡುಗಳ ನಡುವೆ ಹಿಡಿಸುವುದು ಕಷ್ಟ. ಎಲ್‌ಎಸ್‌ಗೆ ಕ್ಯಾಮ್ ಒಂದೇ, ಅದೂ ಬ್ಲಾಕಿನ ನಡುವೆ. ಅಗಲ ಕಡಿಮೆ ಎಂಬ ಈ ಒಂದೇ ಕಾರಣಕ್ಕೆ ಎಷ್ಟೋ ಫೋರ್ಡ್ ಗಾಡಿಗಳ ಹೊಟ್ಟೆಯಲ್ಲಿ ಷೆವರ್ಲೆ ಎಂಜಿನ್ ಕೂತಿದೆ. ಲೆಕ್ಕ ಸರಿಯೇ, ನನಗೆ ಮಾತ್ರ ಒಗ್ಗುವುದಿಲ್ಲ.

ಡೀಸೆಲ್ ಬಯಸುವವರು ಬ್ರೆಡ್ ಸಾಗಿಸುವ ವ್ಯಾನುಗಳಿಂದ ಇಳಿಸಿದ 3.9 ಲೀಟರಿನ ನಾಲ್ಕು ಸಿಲಿಂಡರ್ ಕಮಿನ್ಸ್ ತಂದು ಹಾಕುವುದುಂಟು. ಸಾಯದ ಎಂಜಿನ್, ಆದರೆ ಭಾರ ಬಹಳ, ನಡುಕ ಇನ್ನೂ ಬಹಳ. ಹಳೆಯ ಕ್ಯಾಬಿನ್ನಿನ ತಗಡು ಆ ನಡುಕಕ್ಕೆ ಕಟ್ಟಿದ್ದಲ್ಲ. ವಿದ್ಯುತ್ ಮೋಟಾರೂ ಈಗ ಬಾಗಿಲಿಗೆ ಬಂದಿದೆ. 2021ರಲ್ಲಿ ಫೋರ್ಡ್ ಕಂಪನಿಯೇ 1978ರ ಎಫ್-100 ಒಂದಕ್ಕೆ ತನ್ನ ವಿದ್ಯುತ್ ಮಸ್ಟಾಂಗಿನ ಎರಡು ಮೋಟಾರು ಕೂರಿಸಿ 480 ಅಶ್ವಶಕ್ತಿಯ ಪ್ರದರ್ಶನ ಗಾಡಿ ಮಾಡಿ ತೋರಿಸಿತು. ಮೂಲ ಎಂಜಿನ್ ಕಳೆದುಹೋದ, ಬರಿ ಚಿಪ್ಪು ಉಳಿದ ಗಾಡಿಗಳಿಗೆ ಇದು ಒಳ್ಳೆಯ ದಾರಿಯೇ. ಬ್ಯಾಟರಿಯ ತೂಕಕ್ಕೂ ಬ್ರೇಕಿನ ಲೆಕ್ಕ ತಪ್ಪದು.

ಎತ್ತರದ ಬಾನೆಟ್ಟಿನ ಜೀಪು

ನಮ್ಮ ಮಲೆನಾಡಿನವರಿಗೆ ಈ ಮಾತೆಲ್ಲ ದೂರದ್ದು ಅನ್ನಿಸಬೇಕಿಲ್ಲ. ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಇಂದಿಗೂ ಕಾಣುವ ಎತ್ತರದ ಬಾನೆಟ್ಟಿನ ಮಹೀಂದ್ರ ಜೀಪು ಎಂಜಿನ್ ಬದಲಾವಣೆಯಿಂದಲೇ ಆ ರೂಪ ಪಡೆದದ್ದು. ಯುದ್ಧಕಾಲದ ವಿಲ್ಲಿಸ್ ಜೀಪಿನ 2.2 ಲೀಟರ್ 'ಗೋ ಡೆವಿಲ್' ಎಂಜಿನ್ನಿಗೆ ಎರಡೂ ವಾಲ್ವು ಬ್ಲಾಕಿನ ಪಕ್ಕದಲ್ಲಿದ್ದವು, ಶಕ್ತಿ 60. ಅದೇ ಬ್ಲಾಕಿನಲ್ಲಿ ಗಾಳಿ ಒಳಬರುವ ವಾಲ್ವನ್ನು ಮೇಲೆ ಹೆಡ್ಡಿಗೆ ಏರಿಸಿ 'ಹರಿಕೇನ್' ಮಾಡಿದಾಗ ಶಕ್ತಿ ಎಪ್ಪತ್ತು ದಾಟಿತು, ಜೊತೆಗೆ ಎಂಜಿನ್ನಿನ ಎತ್ತರವೂ ಏರಿತು. ಹಳೆ ಬಾನೆಟ್ ಮುಚ್ಚಲಿಲ್ಲ. 1953ರಲ್ಲಿ ವಿಲ್ಲಿಸ್ ಕಂಪನಿ ಬಾನೆಟ್ಟನ್ನೇ ಎತ್ತರಿಸಿ ಸಿಜೆ-3ಬಿ ಎಂದು ಹೆಸರಿಟ್ಟಿತು. ಅದೇ ರೂಪವನ್ನು ಮಹೀಂದ್ರ ನಮ್ಮಲ್ಲಿ ದಶಕಗಳ ಕಾಲ ತಯಾರಿಸಿತು. ಎಂಜಿನ್ ಮೇಲೆಯೇ ಕ್ಯಾಬಿನ್ ಕೂತ ಎಫ್‌ಸಿ-150 ಪಿಕಪ್ಪಿನಲ್ಲೂ ಇದ್ದದ್ದು ಹರಿಕೇನ್ ಎಂಜಿನ್ನೇ.

ಪೆಟ್ರೋಲ್ ಬೆಲೆ ಏರಿದಂತೆ ನಮ್ಮವರು ಡೀಸೆಲ್ ಕಡೆ ತಿರುಗಿದರು. ಕಂಪನಿಯೂ ತಿರುಗಿತು: ಸಿಜೆ-500ಡಿ ಜೀಪಿಗೆ ಬಂದದ್ದು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಮೂಲದ ಡೀಸೆಲ್ ಎಂಜಿನ್. ಗ್ಯಾರೇಜುಗಳಲ್ಲೂ ಎಷ್ಟೋ ಪೆಟ್ರೋಲ್ ಜೀಪುಗಳ ಹೊಟ್ಟೆಗೆ ಡೀಸೆಲ್ ಇಳಿಯಿತು. ಇಲ್ಲೂ ಅದೇ ಪಾಠ ಕಾಣುತ್ತದೆ. 5.38 ಅನುಪಾತದ ಹೌಸಿಂಗ್ ಇರುವ ಜೀಪು 28 ಇಂಚಿನ ಟೈರಿನ ಮೇಲೆ, ಎಂಜಿನ್ 2000 ಸುತ್ತು ತಿರುಗುವಾಗ ಓಡುವುದು ಗಂಟೆಗೆ ಬರೀ 50 ಕಿಲೋಮೀಟರ್. ನಿಧಾನ ತಿರುಗುವ ಡೀಸೆಲ್ ಎಂಜಿನ್ ಹಾಕಿ ಹೌಸಿಂಗ್ ಹಾಗೇ ಬಿಟ್ಟರೆ ತೋಟದ ಏರಿನಲ್ಲಿ ಆನೆಬಲ, ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ಹಿಂದಿನವರ ಹಾರನ್ನು. ಮಳೆಗಾಲದ ಕೆಸರು ದಾರಿಯಲ್ಲಿ ಗೊಬ್ಬರ ಹೊರುವ ಜೀಪಿಗೆ ಅದು ಸರಿಯಾದ ಆಯ್ಕೆಯೇ. ಮಂಗಳೂರಿಗೆ ಹೋಗಿ ಬರುವ ಜೀಪಿಗೆ ಅಲ್ಲ.

ಕಾನೂನಿನ ಮಾತನ್ನು ಮೊದಲೇ ತಿಳಿದುಕೊಂಡಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕಿಂತ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆ ಇಲ್ಲ, ಹಾಗಾಗಿ ಅಲ್ಲಿನವರ ಕೈ ಕಟ್ಟಿಲ್ಲ. ನಮ್ಮಲ್ಲಿ ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ದಾಖಲಾದ, ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನ ನಿಯಮ ಐವತ್ತು ವರ್ಷ ದಾಟಿದ, ವಾಣಿಜ್ಯ ಬಳಕೆಯದಲ್ಲದ ಗಾಡಿಗಳಿಗೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರ್ ಕೊಡುತ್ತದೆ. ಶುಲ್ಕ 20,000 ರೂಪಾಯಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡಾಗಿದ್ದರೆ ಆ ನಂಬರ್ ಸಿಗುವುದಿಲ್ಲ. ಎಂಜಿನ್ ಕಿತ್ತ ಮೇಲೆ ಆರ್‌ಟಿಓ ಕಚೇರಿಗೆ ಹೋಗುವ ಬದಲು ಕೀಳುವ ಮೊದಲೇ ಹೋಗಿ ಕೇಳಿ, ಲಿಖಿತವಾಗಿ ಅನುಮತಿ ಪಡೆಯಿರಿ.

ನನ್ನ ತೀರ್ಪು ಇಷ್ಟು: ಮೂಲ ಎಂಜಿನ್ ಬದುಕಿದ್ದರೆ ಅದೇ ಇರಲಿ. ಸತ್ತಿದ್ದರೆ ಅದೇ ಮನೆತನದ, ಅದೇ ಕಾಲಕ್ಕೆ ಹತ್ತಿರದ ಎಂಜಿನ್ ಬರಲಿ. ಅದೂ ಸಾಲದಿದ್ದರೆ ಮಾತ್ರ, ಬ್ರೇಕು, ಹೌಸಿಂಗು, ಸ್ಟೀರಿಂಗ್ ಮೂರೂ ಸಜ್ಜಾದ ಮೇಲೆ, ಹೊಸದು ಬರಲಿ. ಮತ್ತೆ ಒಂದು ಕೋರಿಕೆ. ಇಳಿಸಿದ ಹಳೆಯ ಎಂಜಿನ್ನನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಮಾರಬೇಡಿ. ಪ್ಲಗ್ಗಿನ ತೂತುಗಳಲ್ಲಿ ಸ್ವಲ್ಪ ಆಯಿಲ್ ಬಿಟ್ಟು, ಬಾಯಿಗಳನ್ನೆಲ್ಲ ಮುಚ್ಚಿ, ಮರದ ದಿಮ್ಮಿಯ ಮೇಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಅದರ ನಂಬರನ್ನು ಗಾಡಿಯ ಕಾಗದಪತ್ರದ ಜೊತೆ ಬರೆದಿಡಿ. ಮುಂದೆ ಆ ಗಾಡಿ ಯಾರ ಕೈಗೆ ಹೋದರೂ ಎಂಜಿನ್ನೂ ಅದರ ಜೊತೆಯಲ್ಲೇ ಹೋಗಲಿ.